ಮುಂಬಯಿಯನ್ನು ಬಳುವಳಿ ತಂದ ರಾಣಿ

ಮೇ 21ರಂದು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಏನೂ ಬರೆದಿರುವುದಿಲ್ಲ. ಹಬ್ಬವಲ್ಲ, ರಜೆಯಲ್ಲ, ಮನೆಯಲ್ಲಿ ಯಾರ ಹುಟ್ಟುಹಬ್ಬವೂ ಅಲ್ಲ. ಆದರೆ ನಾವು ನೀವೆಲ್ಲ ದಿನಾ ಲೋಕಲ್ ಹಿಡಿದು ಓಡುವ ಈ ಮಹಾನಗರದ ಜಾತಕ ಬದಲಾದದ್ದು ಒಂದು ಮದುವೆಯಿಂದ. ಆ ಮದುವೆ ನಡೆದದ್ದು ಆಗಿನ ಇಂಗ್ಲಿಷ್ ಪಂಚಾಂಗದ ಪ್ರಕಾರ 1662ರ ಮೇ 21ರಂದು, ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ. ವರ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್. ವಧು ಪೋರ್ಚುಗಲ್ಲಿನ ರಾಜಕುಮಾರಿ, ಬ್ರಗಾಂಜಾ ಮನೆತನದ ಕ್ಯಾಥರೀನ್. ಆಕೆಗೆ ಆಗ 23 ವರ್ಷ.

ಕಳೆದ ವರ್ಷ ಐರೋಲಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, "ಮ್ಯಾಡಮ್, ಗೊತ್ತಾ, ಬಾಂಬೆಯನ್ನು ದಹೇಜ್‌ನಲ್ಲಿ ಕೊಟ್ಟಿದ್ದಂತೆ" ಎಂದ. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. "ನನ್ನ ಮಾವ ಒಂದು ಒನ್ ಬಿಎಚ್‌ಕೆ ಕೊಟ್ಟಿದ್ದರೂ ಸಾಕಿತ್ತು" ಎಂದ ಇನ್ನೊಬ್ಬ. ನಾನೂ ನಕ್ಕೆ. ಆಮೇಲೆ ಕೇಳಿದೆ: "ಆ ಹುಡುಗಿಯ ಹೆಸರೇನು?" ಏಳು ಜನ ಇಂಜಿನಿಯರುಗಳು, ಒಬ್ಬರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಆ ಸಂಜೆ ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಲೇಡೀಸ್ ಡಬ್ಬಾದಲ್ಲಿ ನಿಂತುಕೊಂಡು ಫೋನಿನಲ್ಲಿ ಓದಲು ಶುರುಮಾಡಿದ್ದು, ಇನ್ನೂ ಮುಗಿದಿಲ್ಲ.

ಮದುವೆಯ ಕರಾರು ಆದದ್ದು 1661ರ ಜೂನ್ 23ರಂದು. ಪೋರ್ಚುಗಲ್ ಆಗ ಸಂಕಷ್ಟದಲ್ಲಿತ್ತು. 1640ರಲ್ಲಿ ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡಿತ್ತಾದರೂ ಸ್ಪೇನ್ ಅದನ್ನು ಒಪ್ಪಿರಲಿಲ್ಲ, ಯುದ್ಧ ನಡೆದೇ ಇತ್ತು. ಇತ್ತ ಪೂರ್ವದಲ್ಲಿ ಡಚ್ಚರು ಸಿಂಹಳವನ್ನು ಕಸಿದುಕೊಂಡಿದ್ದರು. ನಮ್ಮ ಕನ್ನಡ ಕರಾವಳಿಯಲ್ಲೇ ಕೆಳದಿಯ ಶಿವಪ್ಪ ನಾಯಕ 1650ರ ದಶಕದ ಮೊದಲ ವರ್ಷಗಳಲ್ಲಿ ಹೊನ್ನಾವರ, ಗಂಗೊಳ್ಳಿ, ಮಂಗಳೂರಿನ ಕೋಟೆಗಳಿಂದ ಅವರನ್ನು ಹೊರಗೆ ಹಾಕಿದ್ದ. ಅಂದರೆ ಈ ಮದುವೆಯ ಹಿಂದಿನ ಅವಸರಕ್ಕೆ ನಮ್ಮವರದೂ ಒಂದು ಚಿಕ್ಕ ಪಾಲಿದೆ ಎಂದು ನಾನು ಹೆಮ್ಮೆಪಟ್ಟುಕೊಳ್ಳುತ್ತೇನೆ! ಪೋರ್ಚುಗಲ್ಲಿಗೆ ಬೇಕಾಗಿದ್ದದ್ದು ಇಂಗ್ಲೆಂಡಿನ ಸೈನ್ಯ, ಹಡಗು. ಸಾಲದಲ್ಲಿ ಮುಳುಗಿದ್ದ ಚಾರ್ಲ್ಸ್‌ಗೆ ಬೇಕಾಗಿದ್ದದ್ದು ಹಣ. ಮಗಳು ಇಬ್ಬರ ನಡುವೆ.

ಕೊಡುವುದೆಂದು ಒಪ್ಪಿಕೊಂಡದ್ದು 20 ಲಕ್ಷ ಕ್ರುಜಾಡೊ ನಗದು, ಆಫ್ರಿಕಾದ ದಂಡೆಯ ಟಾಂಜಿಯರ್ ಪಟ್ಟಣ, ಪೋರ್ಚುಗೀಸ್ ಬಂದರುಗಳಲ್ಲಿ ವ್ಯಾಪಾರದ ಸವಲತ್ತು, ಮತ್ತು ಹನ್ನೊಂದನೆಯ ಕಲಮಿನಲ್ಲಿ ಮುಂಬಯಿಯ ಬಂದರು ಮತ್ತು ದ್ವೀಪ. ವಧುವಿನ ತಾಯಿ ಲೂಯಿಸಾ ರಾಣಿಗೆ ಅಷ್ಟು ನಗದು ಹೊಂದಿಸಲು ಆಗಲಿಲ್ಲ. ಕಡಿಮೆ ಬಿದ್ದದ್ದಕ್ಕೆ ಹಡಗಿಗೆ ಸಕ್ಕರೆ ಮತ್ತಿತರ ಸರಕು ತುಂಬಿಸಿ ಕಳಿಸಿದಳು. ಓದಿದಾಗ ನಗು ಬಂತು, ಆಮೇಲೆ ನಗು ನಿಂತಿತು. ಮಗಳ ಮದುವೆಗೆ ಹಣ ಹೊಂದಿಸಲು ಒದ್ದಾಡುವ ತಾಯಿ ಎಂದರೆ ನಮಗೇನು ಹೊಸಬಳೇ.

ನನ್ನನ್ನು ತಡೆದು ನಿಲ್ಲಿಸಿದ್ದು ಆ ಹನ್ನೊಂದನೆಯ ಕಲಮು. ಮುಂಬಯಿಯನ್ನು ಅಲ್ಲಿ ಬರೆದುಕೊಟ್ಟಿರುವುದು ಕ್ಯಾಥರೀನಳ ಹೆಸರಿಗಲ್ಲ. ಇಂಗ್ಲೆಂಡಿನ ದೊರೆಗೆ, ಅವನ ವಾರಸುದಾರರಿಗೆ, ಉತ್ತರಾಧಿಕಾರಿಗಳಿಗೆ, ಶಾಶ್ವತವಾಗಿ. ಮದುವೆ ಅವಳದು, ಕಾಗದ ಅವನದು. ಮುಂದೆ ಆಕೆಗೆ ಮಕ್ಕಳಾಗಲಿಲ್ಲ, ಗಂಡ ಸತ್ತ, ಆಕೆ ತವರಿಗೆ ಹಿಂದಿರುಗಿದಳು. ಮುಂಬಯಿ ಮಾತ್ರ ಹಿಂದಿರುಗಲಿಲ್ಲ.

ಕೊಟ್ಟದ್ದನ್ನು ವಸೂಲು ಮಾಡಿಕೊಳ್ಳುವುದೂ ಸುಲಭವಾಗಲಿಲ್ಲ. ದ್ವೀಪವನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬುವನು ಸುಮಾರು 400 ಸೈನಿಕರೊಂದಿಗೆ 1662ರ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದ. ಪೋರ್ಚುಗೀಸ್ ವೈಸರಾಯ್ ಅಂತೋನಿಯೊ ದೆ ಮೆಲ್ಲೊ ಎ ಕಾಸ್ತ್ರೊ ಕಾಗದಪತ್ರ ಸರಿಯಿಲ್ಲ ಎಂದು ಸತಾಯಿಸಿದ. ಗಡಿಯ ಜಗಳ ಬೇರೆ. ಕರಾರಿನ ವೇಳೆ ತೋರಿಸಿದ ನಕ್ಷೆಯಲ್ಲಿ ಸಾಷ್ಟಿ, ಥಾಣೆ ಎಲ್ಲ ಸೇರಿತ್ತು ಎಂದು ಇಂಗ್ಲಿಷರು. ಮುಂಬಯಿ ದ್ವೀಪ ಬಿಟ್ಟು ಒಂದಿಂಚೂ ಇಲ್ಲ, ಮಾಹಿಮ್ ಕೂಡ ಇಲ್ಲ ಎಂದು ಪೋರ್ಚುಗೀಸರು. ಬಿಲ್ಡರ್ ತೋರಿಸಿದ ಬ್ರೋಷರ್ ಒಂದು, ಕೈಗೆ ಕೊಟ್ಟ ಫ್ಲ್ಯಾಟ್ ಇನ್ನೊಂದು ಎಂಬ ನಮ್ಮ ಜಗಳವೇ.

ಹಡಗಿನಿಂದ ಇಳಿಯಲು ಜಾಗವಿಲ್ಲದೆ ಶಿಪ್‌ಮನ್ ಮತ್ತು ಅವನ ಜನ ಹೋಗಿ ತಂಗಿದ್ದು ಎಲ್ಲಿ ಗೊತ್ತೇ? ಅಂಜದೀವ ದ್ವೀಪದಲ್ಲಿ! ನನ್ನ ಅಮ್ಮನ ತವರು ಕಾರವಾರದ ಕಡೆ. ಬೇಸಿಗೆ ರಜೆಯಲ್ಲಿ ಸಮುದ್ರದ ದಂಡೆಯಲ್ಲಿ ನಿಂತು ಅಜ್ಜ "ಅದೋ ಅಂಜದೀವ" ಎಂದು ಬೆರಳು ತೋರಿಸುತ್ತಿದ್ದದ್ದು ನೆನಪಿದೆ. ಬಿಣಗಾದ ಎದುರಿಗಿರುವ, ಒಂದೂವರೆ ಚದರ ಕಿಲೋಮೀಟರಿನಷ್ಟು ಪುಟ್ಟ ದ್ವೀಪ ಅದು. ಆಡಳಿತದ ಲೆಕ್ಕಕ್ಕೆ ಗೋವಾ, ಕಣ್ಣಿಗೆ ಕಾರವಾರ. ಈಗ ಕದಂಬ ನೌಕಾನೆಲೆಯ ಒಳಗೆ ಸೇರಿಹೋಗಿದೆ, ನಮಗೆ ನಿಮಗೆ ಪ್ರವೇಶವಿಲ್ಲ. ಅಲ್ಲಿ ಆ ಸೈನಿಕರು ಎರಡು ಮಳೆಗಾಲ ಕಳೆದರು. ಜ್ವರ, ಹೊಟ್ಟೆಗಿಲ್ಲ, ಔಷಧವಿಲ್ಲ. 1664ರಲ್ಲಿ ಶಿಪ್‌ಮನ್ ಸಹ ಅಲ್ಲೇ ತೀರಿಕೊಂಡ. ಕಡೆಗೆ ಮುಂಬಯಿ ತಲುಪಿದವರು ನೂರರ ಆಸುಪಾಸು. ದೊರೆಯ ಮದುವೆಯ ಬಳುವಳಿ ತರಲು ಬಂದ ಆ ಸುಮಾರು ಮುನ್ನೂರು ಜನರ ಮೂಳೆ ನಮ್ಮ ಅಜ್ಜಿ ಊರಿನ ಎದುರಿನ ದ್ವೀಪದಲ್ಲಿ ಇದೆ ಎಂಬುದು ಅಜ್ಜನಿಗೂ ತಿಳಿದಿರಲಿಲ್ಲ.

ಶಿಪ್‌ಮನ್‌ನ ಕಾರ್ಯದರ್ಶಿ ಹಂಫ್ರಿ ಕುಕ್ ಎಂಬುವನಿಗೆ ಮುಂಬಯಿ ಸಿಕ್ಕಿದ್ದು 1665ರ ಫೆಬ್ರವರಿ 18ರಂದು. ಮಣ್ಣು, ಕಲ್ಲನ್ನು ಕೈಯಲ್ಲಿ ಹಿಡಿದು, ಬುರುಜಿನ ಮೇಲೆ ನಡೆದಾಡಿ, ಇದು ನಮ್ಮದಾಯಿತು ಎಂದು ಸಾರಿದನಂತೆ. ಆ ಪತ್ರಕ್ಕೆ ಸಹಿ ಬಿದ್ದದ್ದು ಒಬ್ಬ ಹೆಂಗಸಿನ ಮನೆಯಲ್ಲಿ. ದೋನಾ ಇಗ್ನೆಸ್ ದೆ ಮಿರಾಂಡಾ, ವಿಧವೆ. ಒಂದು ಕಾಲಕ್ಕೆ ಗೋವೆಯ ಪ್ರಸಿದ್ಧ ವೈದ್ಯ ಗಾರ್ಸಿಯಾ ದ ಓರ್ತಾನಿಗೆ ಗೇಣಿಗೆ ಸಿಕ್ಕಿದ್ದ ಮುಂಬಯಿಯ ಜಹಗೀರಿನ ದೊಡ್ಡ ಮನೆ ಅದು. ಜನ ಆಕೆಯನ್ನು ದ್ವೀಪದ ಒಡತಿ ಎಂದೇ ಕರೆಯುತ್ತಿದ್ದರು. ಒಡತಿ ಎನಿಸಿಕೊಂಡವಳು ತನ್ನ ಪಡಸಾಲೆಯಲ್ಲೇ ಊರು ಕೈಬದಲಾಗುವುದನ್ನು ನೋಡಿದಳು. ರಾಣಿಯಾದವಳು ಆ ಊರನ್ನು ನೋಡಲೇ ಇಲ್ಲ. ಆಗಿನ ದಾಖಲೆಗಳಲ್ಲಿ ಇಬ್ಬರ ಹೆಸರೂ ಇವೆ, ಇಬ್ಬರ ಅಭಿಪ್ರಾಯವೂ ಇಲ್ಲ.

ವೈಸರಾಯ್ ಮಾತ್ರ ಇಂಗ್ಲಿಷರು ಮುಂಬಯಿಯಲ್ಲಿ ತಳವೂರಿದ ದಿನ ಹಿಂದೂಸ್ಥಾನ ನಮ್ಮ ಕೈತಪ್ಪಿದಂತೆಯೇ ಎಂಬ ಅರ್ಥದಲ್ಲಿ ತನ್ನ ದೊರೆಗೆ ಬರೆದಿದ್ದ. ಚಾರ್ಲ್ಸ್‌ಗೆ ಅಷ್ಟು ದೂರದ ದೃಷ್ಟಿ ಇರಲಿಲ್ಲ. ಖರ್ಚೇ ಹೆಚ್ಚೆಂದು 1668ರ ಮಾರ್ಚ್ 27ರ ಸನ್ನದಿನಲ್ಲಿ ಇಡೀ ದ್ವೀಪವನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಬಹಳ ಬೆಲೆಯದೆಂದು ಎಣಿಸಿದ್ದ ಟಾಂಜಿಯರನ್ನು 1684ರಲ್ಲಿ ಬಿಟ್ಟು ಬಂದರು.

ನಮ್ಮ ಊರುಗಳ ಕಥೆ ಇಲ್ಲಿ ಬರುತ್ತದೆ. ಡೊಂಬಿವಲಿಯಿಂದ ಹೊರಟ ನನ್ನ ಲೋಕಲ್ ದಿವಾ, ಮುಂಬ್ರಾ, ಕಳವಾ ದಾಟಿ ಖಾಡಿಯ ಸೇತುವೆ ಹತ್ತಿದರೆ ಆ ಕಡೆ ಥಾಣೆ. ಆ ಖಾಡಿಯೇ ಆಗಿನ ಗಡಿ. ಈ ಕಡೆಯ ಕಲ್ಯಾಣ್, ಭಿವಂಡಿ ವಿಜಾಪುರದ ಆದಿಲಶಾಹಿಗೆ ಸೇರಿದ್ದವು. 1657ರಲ್ಲಿ ಶಿವಾಜಿ ಮಹಾರಾಜರು ಗೆದ್ದುಕೊಂಡರು, ಮುಂದೆ ಮೊಗಲರೂ ಅದಕ್ಕಾಗಿ ಹೊಡೆದಾಡಿದರು. ಆ ಕಡೆಯ ಥಾಣೆ, ಸಾಷ್ಟಿ ಪೋರ್ಚುಗೀಸರದು. ಮುಂಬಯಿ ಕೊಟ್ಟರೂ ಥಾಣೆಯನ್ನು ಬಿಡದ ಪೋರ್ಚುಗೀಸರು, ಥಾಣೆಯಲ್ಲೂ ಉರಣದ ಹತ್ತಿರದ ಕರಂಜಾದಲ್ಲೂ ಸುಂಕದ ಕಟ್ಟೆ ಇಟ್ಟು, ಮುಂಬಯಿಗೂ ಕಲ್ಯಾಣಿಗೂ ಓಡಾಡುವ ದೋಣಿಗಳಿಂದ ಸುಂಕ ಕಿತ್ತರು. ಕಂಪನಿಯವರ ಗೋಳಿಗೆ ಕೊನೆಯೇ ಇರಲಿಲ್ಲ. ಮುಲುಂಡದ ಟೋಲಿಗೆ ಬೈದುಕೊಂಡವರಿಗೆ ಇದು ಅರ್ಥವಾದೀತು. 1737ರಲ್ಲಿ ಥಾಣೆ ಮರಾಠರಿಗಾಯಿತು, 1774ರ ಡಿಸೆಂಬರಿನಲ್ಲಿ ಇಂಗ್ಲಿಷರಿಗೆ. ಮದುವೆಯಾಗಿ 112 ವರ್ಷದ ಮೇಲೆ! ಆ ಕೋಟೆಯೇ ಇವತ್ತಿನ ಥಾಣೆ ಸೆಂಟ್ರಲ್ ಜೈಲು.

ಇನ್ನು ಆ ಹುಡುಗಿ. ಇಂಗ್ಲೆಂಡಿಗೆ ಬಂದ ಕೆಲವೇ ವಾರಗಳಲ್ಲಿ ಚಾರ್ಲ್ಸ್ ತನ್ನ ಪ್ರೇಯಸಿ ಬಾರ್ಬರಾಳನ್ನು ಆಕೆಯ ಅಂತಃಪುರದ ಸಖಿಯಾಗಿ ನೇಮಿಸಿದ. ಪಟ್ಟಿಯಲ್ಲಿದ್ದ ಆ ಹೆಸರನ್ನು ಕ್ಯಾಥರೀನ್ ತಾನೇ ಹೊಡೆದುಹಾಕಿದಳು. ಬಾರ್ಬರಾಳನ್ನು ಎದುರಿಗೆ ತಂದು ನಿಲ್ಲಿಸಿದಾಗ ಮೂಗಿನಿಂದ ರಕ್ತ ಸುರಿದು ಎಚ್ಚರ ತಪ್ಪಿದಳಂತೆ. ರಾಜ ಜಗ್ಗಲಿಲ್ಲ, ಆಕೆಯ ಜೊತೆ ಬಂದಿದ್ದ ಪೋರ್ಚುಗೀಸ್ ಹೆಂಗಸರಲ್ಲಿ ಹೆಚ್ಚಿನವರನ್ನು ವಾಪಸು ಕಳಿಸಿದ. ಗರ್ಭಪಾತಗಳಾದವು. 1678ರಲ್ಲಿ ಕ್ಯಾಥೊಲಿಕ್ ಆದ ಆಕೆ ಗಂಡನಿಗೆ ವಿಷ ಹಾಕಲು ಹೊಂಚಿದ್ದಳೆಂಬ ಸುಳ್ಳು ಆರೋಪ ಬಂತು. ಇದೊಂದು ಚಾರ್ಲ್ಸ್‌ನ ಪರವಾಗಿ ಹೇಳಬೇಕು: ಆಗ ಆಕೆಯ ಬೆನ್ನಿಗೆ ನಿಂತ, ವಿಚ್ಛೇದನ ಕೊಡು ಎಂದವರ ಮಾತು ಕೇಳಲಿಲ್ಲ. ಇಂಗ್ಲೆಂಡಿನ ಅರಮನೆಯಲ್ಲಿ ಚಹಾದ ರೂಢಿ ಬೆಳೆಸಿದವಳೂ ಆಕೆಯೇ. ಗಂಡ 1685ರಲ್ಲಿ ತೀರಿಕೊಂಡ ಮೇಲೆ, 1692ರಲ್ಲಿ ಇಂಗ್ಲೆಂಡ್ ಬಿಟ್ಟು ತವರಿನ ದಾರಿ ಹಿಡಿದಳು. ತಮ್ಮ ಪೆದ್ರೊ ದೊರೆಗೆ ಕಾಯಿಲೆಯಾದಾಗ ಆತನ ಬದಲು ರಾಜ್ಯಭಾರ ಮಾಡಿದಳು, ಚೆನ್ನಾಗಿಯೇ ಮಾಡಿದಳು. 1705ರ ಡಿಸೆಂಬರ್ 31ರಂದು ಲಿಸ್ಬನ್‌ನಲ್ಲಿ ಕಣ್ಣುಮುಚ್ಚಿದಳು. ಬಳುವಳಿಯ ಮಾತಿನಲ್ಲಿ ಈ ಕೊನೆಯ ಅಧ್ಯಾಯವನ್ನು ಯಾರೂ ಹೇಳುವುದಿಲ್ಲ.

ಕರಾರಾಗಿ ಸರಿಯಾಗಿ 300 ವರ್ಷಕ್ಕೆ, 1961ರ ಜುಲೈ 1ರಂದು, ನಮ್ಮ ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಅಂಜದೀವವನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡಿತು, ಏಳು ನಾವಿಕರು ಪ್ರಾಣ ಕೊಟ್ಟರು. ಕಾಯ್ದೆಯಲ್ಲಿ ಕೊಡುವುದು, ತೆಗೆದುಕೊಳ್ಳುವುದು ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ಆರನೆಯ ಕಲಮು ಅಷ್ಟು ಜನರಿಗೆ ಗೊತ್ತಿಲ್ಲ: ಯಾರ ಕೈಗೆ ಬಂದಿದ್ದರೂ ಅದನ್ನು ಹೆಣ್ಣಿಗೇ ಒಪ್ಪಿಸಬೇಕು.

ನನ್ನ ಮದುವೆಯಲ್ಲಿ ಯಾರೂ ಏನೂ ಕೇಳಲಿಲ್ಲ. "ನಮಗೇನೂ ಬೇಡ, ಹುಡುಗಿ ಸಾಕು" ಎಂದರು, ನಿಜವಾಗಿಯೂ ಒಳ್ಳೆಯ ಜನ. ಆದರೆ ನಾವು ಡೊಂಬಿವಲಿಯಲ್ಲಿ ಮನೆ ಕೊಳ್ಳುವಾಗ ಡೌನ್ ಪೇಮೆಂಟಿಗೆ ಕಡಿಮೆ ಬಿದ್ದಾಗ ಅಪ್ಪ ಎರಡು ಎಫ್‌ಡಿ ಮುರಿದು ಕೊಟ್ಟರು. ಮಗಳಿಗೆ ಪ್ರೀತಿಯಿಂದ. ಅಗ್ರಿಮೆಂಟಿನಲ್ಲಿ ಇದ್ದದ್ದು ನನ್ನ ಯಜಮಾನರ ಹೆಸರೊಂದೇ. ಲೋನ್ ಅವರ ಸಂಬಳದ ಮೇಲೆ ಸುಲಭವಾಗಿ ಆಗುತ್ತದೆ ಎಂದು ಏಜೆಂಟ್ ಹೇಳಿದ್ದ. ನಾನು ಎಂಟೆಕ್ ಓದಿದವಳು, ದಿನಾ ಬೇರೆಯವರ ಕೋಡ್ ಸಾಲು ಸಾಲು ರಿವ್ಯೂ ಮಾಡುವವಳು. ಅವತ್ತು ಆ ಕಾಗದವನ್ನು ಓದಲೇ ಇಲ್ಲ.

ಹನ್ನೊಂದನೆಯ ಕಲಮು ಓದಿದ ರಾತ್ರಿ ಯಜಮಾನರಿಗೆ ಇಡೀ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ನಾನು ಚಾರ್ಲ್ಸಾ?" ಎಂದರು. ಈ ವರ್ಷ ಲೋನ್ ತೀರಿದ ಮೇಲೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನನ್ನ ಹೆಸರೂ ಸೇರಿಸಿ ಬಂದೆವು. ಅಪ್ಪನಿಗೆ ಫೋನ್ ಮಾಡಿ ತಿಳಿಸಿದೆ.

"ಇಷ್ಟು ದಿನ ನಿನ್ನ ಹೆಸರು ಇರಲಿಲ್ವಾ ಪುಟ್ಟಿ?" ಎಂದರು ಅಪ್ಪ.