ಕೀಲಿನ ಚಿಕಿತ್ಸೆಯೂ ಕಾಲಿನ ಅಭಿಧಮನಿಯೂ

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದಲ್ಲಿ, ಒಂದು ಕಾಲಕ್ಕೆ ಕ್ಷಯರೋಗಿಗಳ ಆರೋಗ್ಯಧಾಮವಾಗಿದ್ದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ, ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯನು 1962ರ ನವೆಂಬರಿನಲ್ಲಿ ಸವೆದುಹೋದ ಸೊಂಟದ ಕೀಲನ್ನು ತೆಗೆದು, ಪಾಲಿಥೀನಿನ ಬಟ್ಟಲಿನೊಳಗೆ ಉಕ್ಕಿನ ಗುಂಡು ತಿರುಗುವಂಥ ಕೃತಕ ಕೀಲನ್ನು ಕೂರಿಸಿದ ವೃತ್ತಾಂತವು ವೈದ್ಯಚರಿತ್ರೆಯಲ್ಲಿ ಸುಪ್ರಸಿದ್ಧವಾದುದು. ಆದರೆ ಕಾಲಿನ ಅಭಿಧಮನಿಗಳ ಕಥೆಯನ್ನು ಬಿಟ್ಟು ಕೀಲಿನ ಕಥೆಯನ್ನಷ್ಟೇ ಹೇಳಿದರೆ ಆ ಚರಿತ್ರೆ ಅರ್ಧವೇ ಸರಿ. ಏಕೆಂದರೆ ಕೀಲು ಸೊಗಸಾಗಿ ಕೂತು, ಗಾಯವೂ ಮಾಗಿ, ಇನ್ನೇನು ಮನೆಗೆ ಹೊರಡಬೇಕೆಂದಿದ್ದ ರೋಗಿಯು ಹಠಾತ್ತಾಗಿ ಉಸಿರುಕಟ್ಟಿ ಮೃತನಾದ ನಿದರ್ಶನಗಳು ಆ ಕಾಲದ ವೈದ್ಯರಿಗೆ ಅಪರಿಚಿತವಾಗಿರಲಿಲ್ಲ.

ಇಂಥ ಮರಣದ ಮೂಲವನ್ನು ಬರ್ಲಿನ್ನಿನ ರುಡಾಲ್ಫ್ ವಿರ್ಕೋ ಅದಕ್ಕೂ ಒಂದು ಶತಮಾನದ ಹಿಂದೆಯೇ ಶವಪರೀಕ್ಷೆಗಳಿಂದ ಕಂಡುಕೊಂಡಿದ್ದನು. ಶ್ವಾಸಕೋಶದ ಅಪಧಮನಿಯನ್ನು ಮುಚ್ಚುವ ಹೆಪ್ಪು ಅಲ್ಲಿಯೇ ಹುಟ್ಟಿದುದಲ್ಲ, ಬೇರೆಡೆಯ ಅಭಿಧಮನಿಯಲ್ಲಿ ಹುಟ್ಟಿ ಕಳಚಿಕೊಂಡು ಹೃದಯದ ಮೂಲಕ ಹಾದುಬಂದುದು ಎಂಬುದು ಅವನ ನಿರ್ಣಯ. ರಕ್ತದ ಹರಿವು ಕುಂಠಿತವಾಗುವುದು, ನಾಳದ ಗೋಡೆಗೆ ಘಾಸಿಯಾಗುವುದು, ರಕ್ತವೇ ಹೆಪ್ಪುಗಟ್ಟಲು ಹವಣಿಸುವುದು, ಈ ಮೂರನ್ನು ಮುಂದಿನವರು ಅವನ ಹೆಸರಿನಿಂದಲೇ ಕರೆದರು. ದುರ್ದೈವವೆಂದರೆ ಸೊಂಟದ ಕೀಲಿನ ಚಿಕಿತ್ಸೆಯು ಮೂರನ್ನೂ ಏಕಕಾಲದಲ್ಲಿ ಬರಮಾಡಿಕೊಳ್ಳುತ್ತದೆ: ಕಾಲನ್ನು ತಿರುಚಿ ಕೀಲನ್ನು ಕಳಚುವಾಗ ತೊಡೆಯ ದೊಡ್ಡ ಅಭಿಧಮನಿಯು ಮಡಿಚಿಕೊಳ್ಳುತ್ತದೆ, ಮೂಳೆಯನ್ನು ಕೊರೆದಾಗ ಮಜ್ಜೆಯ ದ್ರವ್ಯಗಳು ರಕ್ತಕ್ಕೆ ಸೇರುತ್ತವೆ, ಅನಂತರ ರೋಗಿಯು ಅಲುಗಾಡದೆ ಮಲಗುತ್ತಾನೆ. ಅಭಿಧಮನಿಯ ಕವಾಟಗಳು ಕೆಟ್ಟು, ಕಣಕಾಲಿನಲ್ಲಿ ನರ ಉಬ್ಬಿ ಗಂಟುಗಂಟಾಗಿರುವವನಿಗೆ ನಿಂತ ರಕ್ತದ ಭಾರವು ಮೊದಲೇ ಇದ್ದೇ ಇರುತ್ತದೆ.

ಉಬ್ಬಿದ ನರಕ್ಕೂ ಶ್ವಾಸಕೋಶದ ಹೆಪ್ಪಿಗೂ ಒಬ್ಬನೇ ವೈದ್ಯನು ತನ್ನ ಆಯುಷ್ಯವನ್ನು ಸವೆಸಿದುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಹೃದಯಸ್ಪರ್ಶಿಯಾದ ಭಾಗ. ಜರ್ಮನಿಯ ಫ್ರೀಡ್ರಿಖ್ ಟ್ರೆಂಡೆಲೆನ್ಬರ್ಗನು 1890ರ ಸುಮಾರಿಗೆ ತೊಡೆಯ ಹೊರಪದರದ ಅಭಿಧಮನಿಯನ್ನು ಕಟ್ಟಿ, ಉಬ್ಬಿದ ನರಗಳಿಗೆ ಹೊಸ ಚಿಕಿತ್ಸೆಯೊಂದನ್ನು ತೋರಿಸಿದನು. 1908ರಲ್ಲಿ ಅವನೇ ಎದೆಯನ್ನು ಸೀಳಿ ಶ್ವಾಸಕೋಶದ ಅಪಧಮನಿಯಿಂದ ಹೆಪ್ಪನ್ನು ಹೊರತೆಗೆಯುವ ಸಾಹಸಕ್ಕೆ ಕೈಹಾಕಿದನು. ಅವನ ರೋಗಿಗಳಲ್ಲಿ ಒಬ್ಬರೂ ಬದುಕುಳಿಯಲಿಲ್ಲ. ಅವನ ಶಿಷ್ಯನಾದ ಮಾರ್ಟಿನ್ ಕಿರ್ಷ್ನರನ ಕೈಯಲ್ಲಿ ಮೊದಲ ರೋಗಿ ಬದುಕಿದುದು 1924ರಲ್ಲಿ. ಗುರುವು ತೀರಿಕೊಂಡದ್ದೂ ಅದೇ ವರ್ಷ.

ಬಂದ ಹೆಪ್ಪನ್ನು ಕೀಳುವುದಕ್ಕಿಂತ ಬಾರದಂತೆ ತಡೆಯುವುದೇ ದಾರಿಯೆಂಬುದು ಕ್ರಮೇಣ ಸ್ಪಷ್ಟವಾಯಿತು. 1959ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆವಿಟ್ ಮತ್ತು ಗ್ಯಾಲಗರ್ ಎಂಬುವರು ತೊಡೆಮೂಳೆಯ ಕತ್ತು ಮುರಿದ 300 ಜನರಲ್ಲಿ ಅರ್ಧದಷ್ಟು ಮಂದಿಗೆ ರಕ್ತ ಹೆಪ್ಪುಗಟ್ಟದಂತೆ ಮದ್ದು ಕೊಟ್ಟು, ಅದರ ಉಪಕಾರವನ್ನು ನಿಸ್ಸಂದೇಹವಾಗಿ ತೋರಿಸಿದರು. ಆದರೂ ಮೂಳೆವೈದ್ಯರು ಹಿಂಜರಿದರು. ಗಾಯದಲ್ಲಿ ರಕ್ತಸ್ರಾವವಾಗಿ, ಅದು ಕೀವುಗಟ್ಟಿ, ಕೀಲೇ ಕೆಟ್ಟೀತೆಂಬ ಅವರ ಅಂಜಿಕೆ ಅನ್ಯಾಯವಾದುದಲ್ಲ. ಚಾರ್ನ್ಲಿಯ ದೊಡ್ಡತನವು ಇಲ್ಲಿ ಕಾಣುತ್ತದೆ: ತನ್ನ ಆಸ್ಪತ್ರೆಯ 7,959 ಚಿಕಿತ್ಸೆಗಳ ಲೆಕ್ಕವನ್ನು 1977ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿ, ನೂರಕ್ಕೆ ಒಬ್ಬರಂತೆ ಈ ಹೆಪ್ಪಿನಿಂದ ಮಡಿದರೆಂಬುದನ್ನು ಅವನು ಮರೆಮಾಚದೆ ಲೋಕದ ಮುಂದಿಟ್ಟನು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ, ಭಾರತೀಯ ಮೂಲದ ವಿಜಯ್ ಕಕ್ಕರ್ ಅವರ ನೇತೃತ್ವದಲ್ಲಿ ನಡೆದು 1975ರಲ್ಲಿ ಬೆಳಕಿಗೆ ಬಂದ ಪ್ರಯೋಗದಲ್ಲಿ, ಬಹುಮಟ್ಟಿಗೆ ಇತರ ಶಸ್ತ್ರಚಿಕಿತ್ಸೆಗಳ 4,121 ರೋಗಿಗಳ ಪೈಕಿ, ಹೆಪ್ಪು ತಡೆಯುವ ಹೆಪಾರಿನ್ ಎಂಬ ಮದ್ದನ್ನು ಅಲ್ಪಪ್ರಮಾಣದಲ್ಲಿ ಪಡೆದವರಲ್ಲಿ ಇಬ್ಬರೂ ಪಡೆಯದವರಲ್ಲಿ ಹದಿನಾರು ಮಂದಿಯೂ ಈ ಕಾರಣದಿಂದ ಮಡಿದರು. ಸೊಂಟದ ಕೀಲಿಗೆ ಆ ಅಲ್ಪಪ್ರಮಾಣ ಸಾಲದೆಂದು ತಿಳಿದ ಮೇಲೆ, ಕಡಿಮೆ ಅಣುತೂಕದ ಹೆಪಾರಿನ್ನುಗಳೂ ನುಂಗುವ ಗುಳಿಗೆಗಳೂ ಬಂದವು.

ಮದ್ದಿಗೆ ಸಮನಾಗಿ ಹಾಸಿಗೆಯ ಚರಿತ್ರೆಯೂ ಬದಲಾಯಿತು. ಮಲಗಿಸುವುದೇ ಪರಮೌಷಧವೆಂದು ನಂಬಿದ್ದ ವೈದ್ಯಲೋಕಕ್ಕೆ 1947ರಲ್ಲಿಯೇ ರಿಚರ್ಡ್ ಆಷರ್ ಎಂಬ ವೈದ್ಯನು ಹಾಸಿಗೆಯ ಅಪಾಯಗಳನ್ನು ಕುರಿತು ಎಚ್ಚರಿಸಿದ್ದನು. ಮೊದಲು ವಾರಗಟ್ಟಲೆ ಮಲಗುತ್ತಿದ್ದ ಕೀಲಿನ ರೋಗಿಯನ್ನು ಈಗ ಚಿಕಿತ್ಸೆಯ ದಿನವೋ ಮರುದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ನರ ಉಬ್ಬಿದೆಯೆಂಬ ಒಂದೇ ಕಾರಣಕ್ಕೆ ಚಿಕಿತ್ಸೆಯನ್ನು ಯಾರೂ ನಿರಾಕರಿಸುವುದಿಲ್ಲ. ಆದರೆ ಹಿಂದೆಂದಾದರೂ ಕಾಲಿನಲ್ಲಿ ಹೆಪ್ಪುಗಟ್ಟಿತ್ತೇ, ಮನೆಯಲ್ಲಿ ಯಾರಿಗಾದರೂ ಹಾಗಾಗಿತ್ತೇ ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ಮದ್ದನ್ನು ನಿಶ್ಚಯಿಸುತ್ತಾರೆ. ಅಪಾಯವು ಮನೆಗೆ ಮರಳಿದ ಮೇಲೂ ಹಲವು ವಾರ ಉಳಿಯುವುದರಿಂದ, ಸೊಂಟದ ಕೀಲಿನವರಿಗೆ ಆ ಮದ್ದನ್ನು ಸುಮಾರು 35 ದಿನಗಳವರೆಗೂ ಮುಂದುವರಿಸುವುದುಂಟು.