ಶೆಲ್ಲಿನ ಮುಚ್ಚಳ

ಹೆಡ್‌ಫೋನಿನ ಬ್ಯಾಟರಿ ಸತ್ತರೆ ಈಗ ಬೆಸುಗೆ ಬಲ್ಲವನನ್ನು ಹುಡುಕಿಕೊಂಡು ಹೋಗಬೇಕು. ಶೆಲ್ ಹಾಕುವುದು ಮನೆಯ ಹತ್ತು ವರ್ಷದ ಹುಡುಗನ ಕೆಲಸವಾಗಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅದು ಹುಡುಗನ ಕೈಬಿಟ್ಟು ಮೆಕ್ಯಾನಿಕ್ಕನ ಟೇಬಲ್ಲಿಗೆ ಹೋದದ್ದನ್ನೂ ಕಂಡಿದ್ದೇನೆ. ನಾನು ಸಂಡೂರಿನವನು. ರೈಲ್ವೆಯ ಸಿಗ್ನಲ್ ಮತ್ತು ಟೆಲಿಕಾಂ ಖಾತೆಯಲ್ಲಿ, ವಿಜಯವಾಡ ಡಿವಿಷನ್ನಿನಲ್ಲಿ, ಬ್ಯಾಟರಿಗಳ ಯೋಗಕ್ಷೇಮ ನೋಡಿಕೊಂಡೇ ಸರ್ವಿಸು ಮುಗಿಸಿದೆ. ಮಗ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿದ್ದಾನೆ, ಹಾಗಾಗಿ ಈಗ ವಾಸ ದುವ್ವಾಡದಲ್ಲಿ. ಹೌರಾ–ಚೆನ್ನೈ ಹಾದಿಯಲ್ಲಿ ನಮ್ಮ ಡಿವಿಷನ್ ಮುಗಿದು ವಾಲ್ತೇರು ಡಿವಿಷನ್ ಶುರುವಾಗುತ್ತಿದ್ದ ಗಡಿ ಇದು. ವಿಶಾಖಪಟ್ಟಣದ ಸ್ಟೇಷನ್ನಿನೊಳಗೆ ಹೋಗಿ ಎಂಜಿನ್ನನ್ನು ಆ ತುದಿಯಿಂದ ಈ ತುದಿಗೆ ತಂದು ಕಟ್ಟುವ ತಾಪತ್ರಯ ಬೇಡವೆಂದು ಕೆಲವು ದೂರದ ಗಾಡಿಗಳು ಜನರನ್ನು ಇಲ್ಲೇ ಇಳಿಸಿ ಮುಂದೆ ಸಾಗುತ್ತವೆ.

ನಮ್ಮ ಮನೆಯ ಮೊದಲ ಬ್ಯಾಟರಿ ಮೂರು ಶೆಲ್ಲಿನ ಎವರೆಡಿ ಟಾರ್ಚು. ಹಿಂದಿನ ಮುಚ್ಚಳ ತಿರುಗಿಸಿದರೆ ಸ್ಪ್ರಿಂಗು, ಅದರ ಹಿಂದೆ ಶೆಲ್ಲುಗಳು. ಬೆಳಕು ಕೆಂಪಗಾದರೆ ಶೆಲ್ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆವು. ಇನ್ನೆರಡು ರಾತ್ರಿ ನಡೆಯುತ್ತಿತ್ತು. ಓದಿದವರು ಇದನ್ನು ಮೂಢನಂಬಿಕೆ ಎಂದು ನಗುತ್ತಿದ್ದರು. ಅಲ್ಲ. ಆ ಶೆಲ್ಲಿನ ತಗಡಿನ ಡಬ್ಬಿ ಸತುವಿನದು. ನಡುವೆ ಇದ್ದಿಲಿನ ಕಡ್ಡಿ, ಕಡ್ಡಿಯ ಸುತ್ತ ಕರಿಪುಡಿ, ಪುಡಿಗೂ ಸತುವಿಗೂ ನಡುವೆ ನವಸಾಗರದ ಗಂಜಿ. ಕಲಾಯಿ ಹಾಕುವವನು ಪಾತ್ರೆಗೆ ಉಜ್ಜುವ ನವಸಾಗರವೇ. ಕರೆಂಟು ಹರಿಯುವಾಗ ಕಡ್ಡಿಯ ಬಳಿ ಜಲಜನಕ ಸೇರಿ ದಾರಿ ಕಟ್ಟುತ್ತದೆ. ಅದನ್ನು ಹೀರಿಕೊಳ್ಳುವುದು ಕರಿಪುಡಿಯ ಪಾಲಿನ ಕೆಲಸ, ಆದರೆ ಅದು ನಿಧಾನಿ. ಬಿಡುವೂ ಬಿಸಿಯೂ ಸಿಕ್ಕರೆ ಹಿಂದುಳಿದ ಕೆಲಸವನ್ನು ಅಷ್ಟಿಷ್ಟು ಮುಗಿಸಿಕೊಳ್ಳುತ್ತದೆ. ಫ್ರಾನ್ಸಿನ ಲೆಕ್ಲಾಂಷೆ 1866ರಲ್ಲಿ ಗಾಜಿನ ಜಾಡಿಯಲ್ಲಿ ಮಾಡಿದ್ದನ್ನು ಜರ್ಮನಿಯ ಗಾಸ್ನರ್ 1886ರ ಹೊತ್ತಿಗೆ ಚೆಲ್ಲದ ಹಾಗೆ ಸತುವಿನ ಡಬ್ಬಿಗೆ ತುಂಬಿದ. ಡಬ್ಬಿಯೇ ಕರಗಿ ಕರೆಂಟಾಗುವ ಏರ್ಪಾಟಾದ್ದರಿಂದ ಮರೆತು ಒಳಗೇ ಬಿಟ್ಟ ಶೆಲ್ ತೂತು ಬಿದ್ದು ಸೋರುತ್ತದೆ, ಸ್ಪ್ರಿಂಗು ಹಸಿರುಗಟ್ಟುತ್ತದೆ. ಅದನ್ನು ಉಪ್ಪುಕಾಗದದಿಂದ ತಿಕ್ಕುವುದೂ ಹುಡುಗರ ಪಾಲಿಗೇ. ತೀರಾ ಸತ್ತ ಶೆಲ್ಲನ್ನು ಕಲ್ಲಿನಿಂದ ಜಜ್ಜಿ, ಕರಿಪುಡಿಯನ್ನು ತೊಂಡೆ ಸೊಪ್ಪಿನ ರಸಕ್ಕೆ ಕಲಸಿ ಶಾಲೆಯ ಕರಿಹಲಗೆಗೆ ಬಳಿಯುತ್ತಿದ್ದೆವು. ಕಡ್ಡಿ ಗೋಡೆಯ ಮೇಲೆ ಬರೆಯಲಿಕ್ಕೆ. ಹೀಗಾಗಿ ಶೆಲ್ಲಿನೊಳಗೆ ಏನಿದೆ ಎಂಬುದು ನಮ್ಮ ಓಣಿಯ ಎಲ್ಲ ಹುಡುಗರಿಗೂ ಗೊತ್ತಿತ್ತು.

ಆ ಕರಿಪುಡಿ ಮ್ಯಾಂಗನೀಸ್ ಡೈಆಕ್ಸೈಡು. ಸಂಡೂರಿನವನಿಗೆ ಮ್ಯಾಂಗನೀಸನ್ನು ಪರಿಚಯಿಸಬೇಕಾಗಿಲ್ಲ. ಘೋರ್ಪಡೆ ಮನೆತನದವರ ಸಂಡೂರು ಮ್ಯಾಂಗನೀಸ್ ಕಂಪನಿ 1954ರಲ್ಲಿ ಶುರುವಾಯಿತು, ನಮ್ಮ ಊರಿನ ಅರ್ಧ ಮನೆಗಳ ಅನ್ನ ಆ ಗುಡ್ಡದಿಂದಲೇ. ಕೆಲಸಕ್ಕೆಂದು ಈ ಕಡೆ ಬಂದ ಮೇಲೆ ತಿಳಿದದ್ದು: ಭಾರತದಲ್ಲಿ ಮ್ಯಾಂಗನೀಸ್ ಅಗೆಯಲು ಮೊದಲು ಮಾಡಿದ್ದು 1892ರಲ್ಲಿ, ಆಗಿನ ವಿಶಾಖಪಟ್ಟಣ ಜಿಲ್ಲೆಯ, ಈಗಿನ ವಿಜಯನಗರಂ ಸೀಮೆಯ ಕೋಡೂರಿನಲ್ಲಿ. 1933ರಲ್ಲಿ ತೆರೆದ ವಿಶಾಖಪಟ್ಟಣದ ಬಂದರನ್ನು ಕಟ್ಟಿಸಿದ್ದರಲ್ಲಿ ದೊಡ್ಡ ಪಾಲು ಮಧ್ಯಪ್ರಾಂತ್ಯದ ಮ್ಯಾಂಗನೀಸನ್ನು ಹಡಗಿಗೆ ತುಂಬುವ ಆಸೆಯದು. ಇದರಲ್ಲಿ ಹೆಚ್ಚಿನದೆಲ್ಲ ಉಕ್ಕಿನ ಕುಲುಮೆಗೆ ಹೋಯಿತು ಅನ್ನಿ. ಶೆಲ್ಲಿಗೆ ಬೇಕಾದದ್ದು ಬೇರೆಯೇ ದರ್ಜೆ. ಆದರೂ ಸಂಡೂರು ಬಿಟ್ಟು ಬಂದವನಿಗೆ ಇಲ್ಲೂ ಅದೇ ಮಣ್ಣಿನ ಕಥೆ ಸಿಕ್ಕಿದ್ದು ಒಂದು ಸಮಾಧಾನ.

ಟಾರ್ಚಿನ ಶೆಲ್ಲನ್ನು ರೇಡಿಯೋದೊಳಗೆ ತಂದದ್ದು ಟ್ರಾನ್ಸಿಸ್ಟರು. ಅದಕ್ಕೂ ಮೊದಲಿನ ವಾಲ್ವ್ ರೇಡಿಯೋಗೆ ಕರೆಂಟಿಲ್ಲದ ಹಳ್ಳಿಯಲ್ಲಿ ತೊಂಬತ್ತು ವೋಲ್ಟಿನ ಡ್ರೈ ಬ್ಯಾಟರಿಯ ಪೆಟ್ಟಿಗೆ ಬೇಕು, ಇಲ್ಲವೇ ಕಾರಿನ ಆಸಿಡ್ ಬ್ಯಾಟರಿ ಬೇಕು. ಆಸಿಡ್ ಬ್ಯಾಟರಿಯಾದರೆ ಚಾರ್ಜಿಗೆಂದು ಬಸ್ಸಿನ ಮೇಲೆ ಹಾಕಿ ಪೇಟೆಗೆ ಕಳಿಸಬೇಕು. ಬೆಲ್ ಪ್ರಯೋಗಶಾಲೆಯಲ್ಲಿ 1947ರ ಡಿಸೆಂಬರಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿಗೆ ಅಷ್ಟು ಹಸಿವಿಲ್ಲ, ಆರು ವೋಲ್ಟು ಸಾಕು, ಎಂದರೆ ನಾಲ್ಕು ಶೆಲ್ಲು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಮಾಡತೊಡಗಿತು. 1950ರ ಜನವರಿ 8ರಂದು ಶುರುವಾಗಿದ್ದ ಧಾರವಾಡ ಆಕಾಶವಾಣಿಯನ್ನು ಹೊಲದ ಬದುವಿನಲ್ಲಿ ಕೂತು ಕೇಳುವುದು ಸಾಧ್ಯವಾದದ್ದು ಆಮೇಲೆ. ರೇಡಿಯೋಗೆ ಅಂಚೆ ಕಚೇರಿಯಲ್ಲಿ ಲೈಸನ್ಸ್ ಮಾಡಿಸಬೇಕಿತ್ತು. ಶೆಲ್ ಬದಲಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ರೇಡಿಯೋದ ಬೆನ್ನಿನ ಮುಚ್ಚಳ ತೆಗೆದರೆ ಯಾವ ಶೆಲ್ಲಿನ ತಲೆ ಯಾವ ಕಡೆ ಎಂಬ ಚಿತ್ರ ಒಳಗೇ ಅಚ್ಚಾಗಿರುತ್ತಿತ್ತು. ಅಕ್ಷರ ಬಾರದ ನಮ್ಮ ದೊಡ್ಡಮ್ಮನೂ ಆ ಚಿತ್ರ ನೋಡಿ ಹಾಕುತ್ತಿದ್ದಳು. ಎವರೆಡಿ, ಎಸ್ಟ್ರೆಲಾ ಶೆಲ್ಲುಗಳ ಕಾಲ ಒಂದು. 1972ರಲ್ಲಿ ಹುಟ್ಟಿದ ಇಂಡೋ ನ್ಯಾಷನಲ್ ಕಂಪನಿ ಜಪಾನಿನ ಮಾತ್ಸುಶಿತಾ ಜತೆ ಸೇರಿ ನೆಲ್ಲೂರಿನಲ್ಲಿ ನಿಪ್ಪೋ ಶೆಲ್ ಮಾಡತೊಡಗಿದ ಮೇಲಿನ ಕಾಲ ಇನ್ನೊಂದು. ನಾನು ಕೆಲಸಕ್ಕೆ ಸೇರಿದಾಗ ಆಂಧ್ರದ ಕರಾವಳಿಯ ಸಣ್ಣ ಸ್ಟೇಷನ್ನುಗಳ ಕಿರಾಣಿ ಅಂಗಡಿಗಳಲ್ಲೆಲ್ಲ ನಿಪ್ಪೋದ ತಗಡಿನ ಬೋರ್ಡು.

ರೈಲ್ವೆಯಲ್ಲಿ ನಮ್ಮದು ಬೇರೆ ಲೋಕ. ಅನಕಾಪಲ್ಲಿ, ಕಸಿಂಕೋಟ, ಎಲಮಂಚಿಲಿ, ನರ್ಸೀಪಟ್ನಂ ರೋಡ್, ತುನಿ, ಪ್ರತಿ ಸ್ಟೇಷನ್ನಿಗೂ ಒಂದು ಬ್ಯಾಟರಿ ರೂಮು. ಆಸಿಡ್ಡಿನ ಹುಳಿ ವಾಸನೆ, ಮರದ ಸ್ಟ್ಯಾಂಡಿನ ಮೇಲೆ ಎರಡೆರಡು ವೋಲ್ಟಿನ ಶೆಲ್ಲುಗಳ ಸಾಲು, ಇಪ್ಪತ್ತನಾಲ್ಕು ವೋಲ್ಟು ಬೇಕಾದರೆ ಹನ್ನೆರಡು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1210ರ ಆಸುಪಾಸು ತೋರಿಸಿದರೆ ಶೆಲ್ ತುಂಬಿದೆ. ಇಳಿಯುತ್ತಾ ಹೋದರೆ ಅದರ ಹೆಸರಿಗೆ ರಿಜಿಸ್ಟರಿನಲ್ಲಿ ಕೆಂಪು ಗೆರೆ. ಡಿಸ್ಟಿಲ್ಡ್ ನೀರು ಹಾಕುವುದು, ಟರ್ಮಿನಲ್ಲಿಗೆ ವ್ಯಾಸಲಿನ್ ಸವರುವುದು, ವೋಲ್ಟು ಬರೆಯುವುದು. ಬ್ಲಾಕ್ ಉಪಕರಣಕ್ಕೂ ಕಂಟ್ರೋಲ್ ಫೋನಿಗೂ ಬೇರೆ ದಪ್ಪನೆಯ ಡ್ರೈ ಶೆಲ್ಲು. ಬ್ಯಾಟರಿಯಿಂದ ಹಳಿಯಲ್ಲಿ ಹರಿಯುವ ಸಣ್ಣ ಕರೆಂಟನ್ನು ಗಾಡಿಯ ಗಾಲಿ ಅಡ್ಡಗಟ್ಟಿದರೆ, ಆ ಕರೆಂಟು ಎತ್ತಿಹಿಡಿದಿದ್ದ ರಿಲೇ ಎಂಬ ಸ್ವಿಚ್ಚು ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ಆಗಲೂ ಕೆಂಪೇ. ಹಾಗೆ ಮಾಡಿಟ್ಟವರ ಬುದ್ಧಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ: ಬ್ಯಾಟರಿ ಸತ್ತರೆ ಅಪಘಾತವಾಗುವುದಿಲ್ಲ, ಗಾಡಿ ನಿಲ್ಲುತ್ತದೆ. ಆದರೆ ಗಾಡಿ ನಿಂತರೆ ನಮಗೆ ಚಾರ್ಜ್‌ಶೀಟು. ಹಾಗಾಗಿ ಶೆಲ್ ಸಾಯುವವರೆಗೆ ಕಾಯುವ ಪದ್ಧತಿಯೇ ಇರಲಿಲ್ಲ. ಬ್ಯಾಟರಿ ಸವೆಯುವ ವಸ್ತು, ಅದು ಕೂತ ಯಂತ್ರ ಉಳಿಯುವ ವಸ್ತು. ಇದು ನಮ್ಮ ಖಾತೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ನಡೆದುಕೊಳ್ಳುತ್ತಿದ್ದ ನೇಮ.

ಕಿವಿಗೆ ಹಾಕುವ ಸಾಧನಗಳೂ ಬಹಳ ಕಾಲ ಇದೇ ನೇಮದಲ್ಲಿದ್ದವು. 1979ರ ಜುಲೈನಲ್ಲಿ ಸೋನಿ ಹೊರತಂದ ವಾಕ್‌ಮನ್ನಿಗೆ ಎರಡು ಪೆನ್ಸಿಲ್ ಶೆಲ್ಲು. ಟಿವಿಯ ಪಕ್ಕ ಒಂದು ಪೆಟ್ಟಿಗೆ ಇಟ್ಟು ತಂತಿಯಿಲ್ಲದೆ ಕೇಳಿಸಿಕೊಳ್ಳುವ ಹೆಡ್‌ಫೋನುಗಳು ಬಂದಾಗಲೂ ಕಿವಿಯ ದಿಂಬಿನ ಬಳಿ ಒಂದು ಮುಚ್ಚಳ, ಒಳಗೆ ಸಣ್ಣ ಶೆಲ್ಲುಗಳು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಬಂದ ಕೂಡಲೇ ಮುಚ್ಚಳ ಹೋಯಿತು ಎನ್ನುವಂತಿಲ್ಲ. ನೋಕಿಯಾ ಮೊಬೈಲಿನ ಬಿಎಲ್-5ಸಿ ನೆನಪಿರಬೇಕು. ಲಿಥಿಯಂ ಅಯಾನೇ, ಉಗುರಿನಿಂದ ತೆಗೆಯಬಹುದಿತ್ತು. 2007ರ ಆಗಸ್ಟ್‌ನಲ್ಲಿ, ಮಾತ್ಸುಶಿತಾ ಮಾಡಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜಿನಲ್ಲಿ ಕಾಯಬಹುದು ಎಂದು ನೋಕಿಯಾ ಎಚ್ಚರಿಕೆ ಕೊಟ್ಟು, ಬದಲಿ ಕೊಡುತ್ತೇವೆ ಅಂದಿತು. ಮೊಬೈಲು ಬಾಂಬಿನ ಹಾಗೆ ಸಿಡಿಯುತ್ತದಂತೆ ಎಂದು ಊರೂರಲ್ಲಿ ಗುಲ್ಲು. ಜನ ಹೆದರಿದರು, ನಿಜ. ಆದರೆ ಏನು ಮಾಡಿದರು? ಹಿಂದಿನ ಕವಚ ತೆಗೆದರು, ಬ್ಯಾಟರಿಯ ಬೆನ್ನಿನ ನಂಬರ್ ಓದಿದರು, ಅದು ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿದರು. ಅಷ್ಟು ಕೋಟಿ ಬ್ಯಾಟರಿಗಳ ಪರೀಕ್ಷೆ ಮನೆಮನೆಯ ಜಗಲಿಯಲ್ಲಿ ನಡೆದುಹೋಯಿತು. ಈಗಿನ ಇಯರ್‌ಬಡ್ಡಿನಲ್ಲಿ ಹಾಗೊಂದು ದೋಷ ಕಂಡರೆ ಕೊಂಡವನು ನೋಡಬೇಕೆಂದರೂ ನೋಡಲಾರ.

ಮುಚ್ಚಳ ಹೋಗುವುದಕ್ಕೆ ಆ ಹೊತ್ತಿಗಾಗಲೇ ನಾಂದಿಯಾಗಿತ್ತು. 2001ರ ಐಪಾಡಿಗೆ ಮುಚ್ಚಳವಿರಲಿಲ್ಲ. ನ್ಯೂಯಾರ್ಕಿನ ನೀಸ್ಟಾಟ್ ಸಹೋದರರು 2003ರಲ್ಲಿ ಅದರ ಜಾಹೀರಾತುಗಳ ಮೇಲೆ, ಇದರ ಬ್ಯಾಟರಿ ಬರುವುದು ಹದಿನೆಂಟೇ ತಿಂಗಳು, ಬದಲಿಸಲಾಗದು ಎಂದು ಬಣ್ಣದಲ್ಲಿ ಬರೆಯುತ್ತಾ ಹೋಗಿ ಅದನ್ನೇ ಒಂದು ಕಿರುಚಿತ್ರ ಮಾಡಿದರು. ಗಲಾಟೆಯಾಯಿತು, ಕೋರ್ಟಿಗೂ ಹೋಯಿತು, ಮುಚ್ಚಳ ಮಾತ್ರ ಬರಲಿಲ್ಲ. 2016ರ ಕೊನೆಗೆ ಏರ್‌ಪಾಡ್ಸ್ ಬಂದವು. ಒಂದೊಂದು ಕಡ್ಡಿಯೊಳಗೂ ಅಂಟಿನಲ್ಲಿ ಹೂತ ಸಣ್ಣ ಬ್ಯಾಟರಿ. ಬಿಚ್ಚಿ ನೋಡಿದ ಐಫಿಕ್ಸಿಟ್‌ನವರು ರಿಪೇರಿಗೆ ಹತ್ತಕ್ಕೆ ಸೊನ್ನೆ ಅಂಕ ಕೊಟ್ಟರು. ಅಂದಿನಿಂದ ಎಲ್ಲರದೂ ಒಂದೇ ಸಬೂಬು: ವಸ್ತು ಇಷ್ಟು ಚಿಕ್ಕದು, ಮುಚ್ಚಳಕ್ಕೆ ಜಾಗವೆಲ್ಲಿ?

ಈ ಸಬೂಬು ನನಗೆ ಒಪ್ಪಿಗೆಯಿಲ್ಲ, ಕಾರಣ ನಮ್ಮ ಅಕ್ಕ. ಅವಳಿಗೆ ಎಪ್ಪತ್ತಾದ ಮೇಲೆ ಕಿವಿ ಮಂದವಾಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಕಿವಿಯ ಹಿಂದೆ ಕೂರುವ ಮಿಷನ್ ಹಾಕಿಸಿದೆವು. ಹುಣಿಸೆಬೀಜದಷ್ಟು ವಸ್ತು. ಅದಕ್ಕೊಂದು ಬಾಗಿಲು. ಒಳಗೆ ಸತು ಮತ್ತು ಗಾಳಿಯಿಂದ ನಡೆಯುವ ಗುಂಡಿ ಶೆಲ್ಲು, 1.4 ವೋಲ್ಟು. ಶೆಲ್ಲಿನ ಬೆನ್ನ ಮೇಲೆ ಗಾಳಿಯ ತೂತು, ತೂತಿಗೆ ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಬಾಗಿಲು ಹಾಕಬೇಕು. ಅಳತೆ ತಪ್ಪದಿರಲೆಂದು ಬಣ್ಣ ಬೇರೆ: 10 ಹಳದಿ, 312 ಕಂದು, 13 ಕಿತ್ತಳೆ, 675 ನೀಲಿ. ಯಾವ ಕಂಪನಿಯದಾದರೂ ಬಣ್ಣ ಅದೇ. ಅಕ್ಕ ಕನ್ನಡಕ ಹಾಕಿಕೊಂಡು ತಾನೇ ಬದಲಿಸುತ್ತಾಳೆ. ಹೆಡ್‌ಫೋನಿನ ಹಾಗೆ ಪದೇ ಪದೇ ಚಾರ್ಜ್ ಆಗುವ ಶೆಲ್ಲಲ್ಲ ಅದು, ಒಪ್ಪಿದೆ. ಆದರೆ ಮುಚ್ಚಳದ ಪ್ರಶ್ನೆ ಜಾಗದ್ದಾಗಿದ್ದರೆ ಮೊದಲು ಮುಚ್ಚಬೇಕಾಗಿದ್ದದ್ದು ಅಕ್ಕನ ಮಿಷನ್ನಿನ ಬಾಗಿಲನ್ನು.

ದುವ್ವಾಡದ ವಿಷಯಕ್ಕೆ ಬರುತ್ತೇನೆ. ಕೂರ್ಮನ್ನಪಾಲೆಂ ಜಂಕ್ಷನ್ನಿನಿಂದ ಸ್ಟೇಷನ್ನಿಗೆ ಬರುವ ರಸ್ತೆಯ ಒಂದು ಮೊಬೈಲ್ ಅಂಗಡಿಯಲ್ಲಿ ಶ್ರೀಕಾಕುಳಂ ಕಡೆಯ ಹುಡುಗನೊಬ್ಬ ನೆಕ್‌ಬ್ಯಾಂಡುಗಳಿಗೆ ಹೊಸ ಬ್ಯಾಟರಿ ಹಾಕುತ್ತಾನೆ. ಬೋರ್ಡಿನ ಮೇಲೆ ಈ ಕೆಲಸದ ಹೆಸರಿಲ್ಲ. ಉಕ್ಕಿನ ಕಾರ್ಖಾನೆಯ ಶಿಫ್ಟಿನವರು, ಇಲ್ಲಿನ ರಫ್ತು ವಲಯದ ಫ್ಯಾಕ್ಟರಿಗಳಿಗೆ ಹೋಗುವ ಹುಡುಗಿಯರು ಬಾಯಿಮಾತಿನಲ್ಲೇ ತಿಳಿದು ಬರುತ್ತಾರೆ. ನಾನು ಹೋದದ್ದು ಮೊಮ್ಮಗಳ ನೆಕ್‌ಬ್ಯಾಂಡ್ ಹಿಡಿದು. "ಹೋಯ್ತು ತಾತಾ, ಹೊಸದು ತಗೊಳ್ಳೋಣ" ಎಂದು ಅವಳು ಡ್ರಾಯರಿಗೆ ಎಸೆದಿದ್ದಳು. ಹಾಡು ಸರಿಯಾಗಿ ಬರುತ್ತಿತ್ತು, ಇಪ್ಪತ್ತು ನಿಮಿಷಕ್ಕೆ ಆರುತ್ತಿತ್ತು. ಅದಕ್ಕೆ ಹೋದದ್ದು ಎನ್ನುತ್ತಾರೆಯೇ?

ಹುಡುಗ ಬಿಸಿಗಾಳಿ ತೋರಿಸಿ ಅಂಟು ಮೆತ್ತಗೆ ಮಾಡಿ, ತೆಳ್ಳನೆಯ ಪ್ಲಾಸ್ಟಿಕ್ ತುಂಡಿನಿಂದ ಸಂದು ಬಿಡಿಸಿದ. "ಸ್ಕ್ರೂಡ್ರೈವರ್ ಯಾಕೆ ಬೇಡ?" ಎಂದೆ. "ಚುಚ್ಚಿದರೆ ಹತ್ತಿಕೊಳ್ಳುತ್ತದೆ, ಬಾಬಾಯ್" ಎಂದ, ಕಣ್ಣೆತ್ತದೆ. ಒಳಗೆ ಬೆಳ್ಳಿಬಣ್ಣದ ಚೀಲದಂಥ ಬ್ಯಾಟರಿ, ತುಸು ಉಬ್ಬಿತ್ತು. ಮೇಲೆ 501235 ಎಂದಿತ್ತು. ದಪ್ಪ 5.0, ಅಗಲ 12, ಉದ್ದ 35 ಮಿಲಿಮೀಟರ್. ಅಂಗಡಿಗೆ ಇಷ್ಟು ಹೇಳಿದರೆ ಸಾಕು. ಕೆಂಪು ತಂತಿ ಕಪ್ಪು ತಂತಿಗೆ ತಾಗದಂತೆ ಒಂದೊಂದನ್ನೇ ಕತ್ತರಿಸಿ, ಕತ್ತರಿಸಿದ ತುದಿಗೆ ಆಗಲೇ ಟೇಪು ಸುತ್ತಿದ. ಹೊಸದರ ತಲೆಯಲ್ಲಿ ಹಳದಿ ಟೇಪಿನ ಕೆಳಗೆ ರಕ್ಷಣೆಯ ಸಣ್ಣ ಬೋರ್ಡ್ ಇದೆಯೇ ಎಂದು ನೋಡಿದ. ವೋಲ್ಟು 4.2 ದಾಟಿದರೂ ಮೂರಕ್ಕಿಂತ ಬಹಳ ಇಳಿದರೂ ಬಾಗಿಲು ಹಾಕುವುದು ಆ ಬೋರ್ಡೇ. ಮೀಟರ್ ಇಟ್ಟ, ಬೆಸೆದ, ಮುಚ್ಚಿದ. ನಮ್ಮ ಖಾತೆಯಲ್ಲಿದ್ದಿದ್ದರೆ ಅವನನ್ನು ನಾನು ಬಿಟ್ಟುಕೊಡುತ್ತಿರಲಿಲ್ಲ.

ಇಯರ್‌ಬಡ್ ತಂದರೆ ಮಾತ್ರ ಅವನು ಮೊದಲು ಮಾದರಿ ನೋಡುತ್ತಾನೆ. ಕೆಲವು ಸ್ಯಾಮ್‌ಸಂಗ್ ಬಡ್ಡುಗಳಲ್ಲಿ ಹನ್ನೆರಡು ಮಿಲಿಮೀಟರ್ ಅಗಲದ ಗುಂಡಿ ಬ್ಯಾಟರಿ ಇದೆ, ಹುಷಾರಾಗಿ ಬಿಚ್ಚಿದರೆ ಬದಲಿಸಬಹುದು. ಕಡ್ಡಿಯಂಥವನ್ನು ಮುಟ್ಟುವುದೇ ಇಲ್ಲ. ಡಚ್ಚರ ಫೇರ್‌ಫೋನ್ ಕಂಪನಿ 2024ರಲ್ಲಿ ಬಡ್ಡಿನ ಬ್ಯಾಟರಿಯನ್ನೂ ಡಬ್ಬಿಯ ಬ್ಯಾಟರಿಯನ್ನೂ ಕೊಂಡವರೇ ಬದಲಿಸುವಂತೆ ಮಾಡಿ ತೋರಿಸಿದೆ ಎಂದು ಹೇಳಿದಾಗ ಅವನು ಕೆಲಸ ನಿಲ್ಲಿಸಿ ಅದರ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ದೊಡ್ಡದು ಮಾಡಿ ನೋಡಿದ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ನಮ್ಮಲ್ಲಿ 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ವಾಪಸು ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಹುಡುಗನ ಟೇಬಲ್ಲಿನ ಕೆಳಗೆ, ಟೇಪು ಸುತ್ತಿದ ಉಬ್ಬಿದ ಬ್ಯಾಟರಿಗಳು ಒಂದು ತಗಡಿನ ಡಬ್ಬಿಯಲ್ಲಿ ಮರಳಿನ ನಡುವೆ ಬಿದ್ದಿವೆ. ಅವನ್ನು ಕೇಳಿಕೊಂಡು ಇದುವರೆಗೆ ಬಂದವನು ಗಾಜುವಾಕದ ಗುಜರಿಯವನು ಒಬ್ಬನೇ, ಅವನೂ ಕೆ.ಜಿ. ಲೆಕ್ಕದಲ್ಲಿ.