ಮೂರು ತಿಂಗಳ ಸೂಜಿಯ ಹಿಂದಿನ ಕಥೆ



ತೆಲುಗಿನಲ್ಲಿ ಸೂದಿ ಅನ್ನಿ, ಕನ್ನಡದಲ್ಲಿ ಸೂಜಿ ಅನ್ನಿ, ಚುಚ್ಚುವುದು ಒಂದೇ. ಆದರೆ ಚುಚ್ಚುವ ಮುಂಚೆ ಏನು ಹೇಳಿದರು, ಏನು ಹೇಳಲಿಲ್ಲ ಎಂಬುದರ ಹಿಂದೆ ಒಂದು ಚರಿತ್ರೆಯಿದೆ.

ನಮ್ಮ ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು, ಆಡಳಿತ ಮದರಾಸಿನದು. ಆಚೆಯ ಮೈಸೂರು ಸಂಸ್ಥಾನದಲ್ಲಿ 1930ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆಜ್ಞೆಯಾಗಿತ್ತು. ಆಗಿನ್ನೂ ಹಾರ್ಮೋನು ಔಷಧಿಯ ಮಾತಿಲ್ಲ. ಅಮೆರಿಕದಲ್ಲಿ ಗರ್ಭನಿರೋಧಕ ಗುಳಿಗೆಗೆ ಒಪ್ಪಿಗೆ ಸಿಕ್ಕಿದ್ದೇ 1960ರಲ್ಲಿ. ಸೂಜಿ ಬಂದದ್ದು ಅದರ ನಂತರ.

1985ರಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡು ತಿಂಗಳಿಗೊಮ್ಮೆ ಚುಚ್ಚುವ ನೆಟ್-ಎನ್ ಎಂಬ ಔಷಧಿಯ ಪ್ರಯೋಗ ಶುರುವಾಯಿತು. ಸೇರಿದ ಬಡ ಹೆಂಗಸರಿಗೆ ಮಕ್ಕಳಾಗದಿರಲು ಸೂಜಿ ಎಂದಷ್ಟೇ ಗೊತ್ತು. ಇದಿನ್ನೂ ಪರೀಕ್ಷೆಯಲ್ಲಿರುವ ಔಷಧಿ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಸ್ತ್ರೀ ಶಕ್ತಿ ಸಂಘಟನೆಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ವಿಚಾರಿಸಿದರು. 1986ರಲ್ಲಿ ಇತರರೊಡನೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಹದಿನಾಲ್ಕು ವರ್ಷ ನಡೆದ ಮೊಕದ್ದಮೆ! 2000ದಲ್ಲಿ ಅದು ಮುಗಿದಾಗ, ಈ ಸೂಜಿಯನ್ನು ಕುಟುಂಬ ಯೋಜನೆಯಲ್ಲಿ ಸಾಮೂಹಿಕವಾಗಿ ಬಳಸುವುದು ಸೂಕ್ತವಲ್ಲವೆಂದು ಸರಕಾರವೇ ಒಪ್ಪಿತ್ತು. ಓದುಬರಹ ಬಾರದವರಿಗೆ ಇದೆಲ್ಲ ಅರ್ಥವಾಗದು ಎನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. ಬಿತ್ತನೆ ಬೀಜದ ಗುಣದೋಷ ಕೇಳಿ ಕೊಳ್ಳುವ ನಮ್ಮ ಹೆಂಗಸರಿಗೆ ತಮ್ಮ ಮೈಯ ವಿಷಯ ಅರ್ಥವಾಗದೇ?

ಇನ್ನೊಂದು ಸೂಜಿ ಡೆಪೋ-ಪ್ರೊವೆರಾ. ಭಾರತದಲ್ಲಿ ಇದಕ್ಕೆ 1993ರಲ್ಲಿ ಅನುಮತಿ ಸಿಕ್ಕಿತು. 2017ರಲ್ಲಿ ಇದೇ ಔಷಧಿ 'ಅಂತರಾ' ಎಂಬ ಹೆಸರಿನಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಉಚಿತವಾಗಿ ಬಂತು. ಮೂರು ತಿಂಗಳಿಗೊಂದು ಸೂಜಿ. ಅದು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತದೆ, ಗರ್ಭಕೋಶದ ಬಾಯಿಯ ಲೋಳೆಯನ್ನು ಗಟ್ಟಿ ಮಾಡುತ್ತದೆ, ಒಳಪದರವನ್ನು ತೆಳ್ಳಗೆ ಮಾಡುತ್ತದೆ. ಆದ್ದರಿಂದಲೇ ಮುಟ್ಟು ಏರುಪೇರಾಗುತ್ತದೆ: ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ಹನಿಯುವುದು, ಆಮೇಲೆ ಹಲವರಿಗೆ ಪೂರ್ತಿ ನಿಂತೇ ಹೋಗುವುದು. ನಿಂತ ಮುಟ್ಟಿನ ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುತ್ತದೆಂಬ ಮಾತು ಸುಳ್ಳು. ಪದರವೇ ಬೆಳೆಯದಿದ್ದರೆ ಹೊರಬರುವುದಾದರೂ ಏನು?

ಕೆಲವರ ತೂಕ ಹೆಚ್ಚುತ್ತದೆ. ವರ್ಷಗಟ್ಟಲೆ ಹಾಕಿಸಿಕೊಂಡರೆ ಮೂಳೆಯ ಸಾಂದ್ರತೆ ತಗ್ಗುತ್ತದೆ. ಅಮೆರಿಕದ ಔಷಧ ಇಲಾಖೆ 2004ರಲ್ಲಿ ಇದಕ್ಕಾಗಿಯೇ ಕಟ್ಟೆಚ್ಚರಿಕೆ ಕೊಟ್ಟಿತು. ಸೂಜಿ ಬಿಟ್ಟ ಮೇಲೆ ಮೂಳೆ ಬಹುಮಟ್ಟಿಗೆ ಸುಧಾರಿಸುತ್ತದೆ. ಬಂಜೆತನ ಬರುವುದಿಲ್ಲ, ಆದರೆ ಕೊನೆಯ ಸೂಜಿಯ ನಂತರ ಬಸಿರಾಗಲು ಸರಾಸರಿ ಹತ್ತು ತಿಂಗಳು ಹಿಡಿಯಬಹುದು. ಹೊಸ ಸೊಸೆಗೆ ಇದನ್ನು ಮೊದಲೇ ಹೇಳದಿದ್ದರೆ ಮನೆಯಲ್ಲಿ ಆಗುವ ರಾದ್ಧಾಂತ ನಿಮಗೆ ಗೊತ್ತೇ ಇದೆ. ಸ್ತನ ಕ್ಯಾನ್ಸರ್ ಇದ್ದವರಿಗೆ ಈ ಸೂಜಿ ಕೂಡದು, ಬಿ.ಪಿ. ಬಹಳ ಹೆಚ್ಚಿದ್ದರೂ ಕೊಡುವುದಿಲ್ಲ.

ನಮ್ಮ ಕಡೆಯ ಕಷ್ಟ ಬೇರೆಯೇ. ಕೋಸಿಗಿ, ಆದೋನಿ ಕಡೆಯವರು ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತಾರೆ. ಅಷ್ಟರಲ್ಲಿ ಸೂಜಿಯ ದಿನ ದಾಟಿ ಹೋಗುತ್ತದೆ. ಗೊತ್ತಾದ ದಿನಕ್ಕಿಂತ ಎರಡು ವಾರ ಮುಂಚೆಯೂ ಹಾಕಿಸಿಕೊಳ್ಳಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಊರು ಬಿಡುವ ಮುಂಚೆ ಆಶಾ ಅಕ್ಕನಿಗೆ ತಿಳಿಸಿ, ದಿನಾಂಕ ಬರೆದ ಕಾರ್ಡನ್ನು ಬುತ್ತಿಯ ಗಂಟಿನಲ್ಲೇ ಇಟ್ಟುಕೊಳ್ಳಿ. ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಕೇಳಬಹುದು.